ಬ್ಯಾಂಕಾಕ್‌ನಿಂದ ರೈಲಲ್ಲಿ ಪ್ರಚುವಪ್: ಫುಕೆಟ್, ಪಟ್ಟಾಯ ಬೇಡ ಅನ್ನೋರಿಗೆ ಒಂದು ಸಮುದ್ರ

ಸುಮ್ನೆ_ಸುತ್ತಾಟ
ಎಲ್ರಿಗೂ ನಮಸ್ಕಾರ. ಫೆಬ್ರವರಿ ಕೊನೇಲಿ ನಾನು, ಹೆಂಡ್ತಿ, ಅಮ್ಮ ಬ್ಯಾಂಕಾಕ್‌ಗೆ ಹೋಗ್ತಿದೀವಿ. ಹೆಂಡ್ತಿಗೆ ಅಲ್ಲಿ ಆಫೀಸ್ ಕೆಲ್ಸ ಇದೆ, ಅದು ಮುಗಿದ್ಮೇಲೆ ಮೂರ್ನಾಲ್ಕು ದಿನ ಸಮುದ್ರದ ಹತ್ರ ಎಲ್ಲಾದ್ರೂ ಸುಮ್ನೆ ಇದ್ದು ಬರೋಣ ಅಂತ ಆಸೆ. ಯಾರನ್ನ ಕೇಳಿದ್ರೂ ಪಟ್ಟಾಯ, ಫುಕೆಟ್, ಕ್ರಾಬಿ ಅಂತಾರೆ. ನಮಗೆ ಆ ಗಲಾಟೆ ಬೇಡ, ಇನ್ನೊಂದು ಫ್ಲೈಟ್ ಕೂಡ ಬೇಡ. ಅಮ್ಮನಿಗೆ ಅರವತ್ತು ದಾಟಿದೆ, ಮಂಡಿ ನೋವಿದೆ, ಮೀನು ಮಾಂಸ ಇರ್ಲಿ ಮೊಟ್ಟೆ ಈರುಳ್ಳಿ ಬೆಳ್ಳುಳ್ಳಿನೂ ಮುಟ್ಟಲ್ಲ. ಹೀಗಿರೋರು ಹೋಗೋ ಅಂಥ ಜಾಗ ಯಾವ್ದಾದ್ರೂ ಇದ್ಯಾ?

ದಾರಿಹೋಕ_ಮೈಸೂರು
ಹುವಾ ಹಿನ್‌ಗೆ ಹೋಗಿ, ಸುಲಭ. ಸುವರ್ಣಭೂಮಿ ಏರ್‌ಪೋರ್ಟಿಂದಲೇ ನೇರ ಬಸ್ ಇದೆ, ಒಳ್ಳೆ ಹೋಟೆಲ್‌ಗಳಿದಾವೆ, ಇಂಡಿಯನ್ ರೆಸ್ಟೋರೆಂಟೂ ಸಿಗುತ್ತೆ. ಅಮ್ಮನ್ನ ಕರ್ಕೊಂಡು ಹೋಗೋವಾಗ ಪ್ರಯೋಗ ಮಾಡ್ಬೇಡಿ.

ಬಾಂಗ್‌ಸೂ_ಕನ್ನಡಿಗ
ನಾನು ಬ್ಯಾಂಕಾಕ್‌ನಲ್ಲೇ ಇರೋನು. ಹುವಾ ಹಿನ್ ಕೆಟ್ಟ ಜಾಗ ಅಲ್ಲ, ಆದ್ರೆ ನೀವು ಕೇಳಿದ್ದು ಅದಲ್ಲ ಅನ್ಸುತ್ತೆ, ಅಲ್ಲಿ ಬೀಚ್ ಉದ್ದಕ್ಕೂ ಹೋಟೆಲ್, ಕಾಂಡೋನೇ ತುಂಬ್ಕೊಂಡಿದೆ. ಬ್ಯಾಂಕಾಕ್‌ನಿಂದ ಹುವಾ ಹಿನ್ ಮೇಲೆ ಹೋಗೋ ರೈಲಲ್ಲಿ ಅಲ್ಲಿ ಇಳೀದೆ ಇನ್ನೊಂದು ತೊಂಬತ್ತು ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ, ಪ್ರಚುವಪ್ ಖಿರಿ ಖಾನ್ ಅಂತ ಊರು. ನಾನು ಮನೆಯವರನ್ನ ಕರ್ಕೊಂಡು ಬಿಡುವಾದಾಗೆಲ್ಲ ಓಡೋದು ಅಲ್ಲಿಗೇನೆ, ಅದ್ರಿಂದ ಸ್ವಲ್ಪ ಉದ್ದಕ್ಕೇ ಬರೀತೀನಿ.

ಅದು ಜಿಲ್ಲಾ ಕೇಂದ್ರ. ಡಿಸಿ ಆಫೀಸ್ ಥರದ್ದು, ಸ್ಕೂಲು, ಆಸ್ಪತ್ರೆ, ಮಾರ್ಕೆಟ್ಟು, ಮೀನು ದೋಣಿ ಎಲ್ಲಾ ಇರೋ ಒಂದು ಮಾಮೂಲಿ ಊರು, ಅದರ ಮುಂದೇನೇ ಸಮುದ್ರ. ಟೂರಿಸ್ಟ್ ಬರ್ಲಿ ಬಿಡ್ಲಿ ಊರಿಗೆ ಅದರದ್ದೇ ಕೆಲ್ಸ ಇದೆ, ನನಗೆ ಹಿಡಿಸೋದೇ ಇದು. ಸಂಜೆ ಮಕ್ಕಳು ಸೈಕಲ್ ಹೊಡೀತಿರ್ತಾರೆ, ವಯಸ್ಸಾದೋರು ದಂಡೆ ಮೇಲೆ ವಾಕಿಂಗ್ ಮಾಡ್ತಿರ್ತಾರೆ, ಉದ್ದದ ಜೆಟ್ಟಿ ಮೇಲೆ ಜನ ಗಾಳ ಹಾಕ್ಕೊಂಡು ಕೂತಿರ್ತಾರೆ, ಯಾರೂ ನಿಮ್ಮನ್ನ ಕರೆದು ಏನೂ ಮಾರೋಕೆ ಬರಲ್ಲ. ರಾತ್ರಿ ದಿಗಂತದಲ್ಲಿ ಸಾಲಾಗಿ ಹಸಿರು ಬೆಳಕು ಕಾಣುತ್ತೆ, ಅದು ಬೊಂಡಾಸು, ಅಂದ್ರೆ ಸ್ಕ್ವಿಡ್, ಹಿಡಿಯೋ ದೋಣಿಗಳ ಲೈಟು.

ಊರಿಗೆ ಮೂರು ಕೊಲ್ಲಿ. ಉತ್ತರಕ್ಕೆ ಆವ್ ನೋಯಿ, ಮಧ್ಯ ಊರಿನ ಎದುರಿಗೇ ಆವ್ ಪ್ರಚುವಪ್, ದಕ್ಷಿಣಕ್ಕೆ ಆವ್ ಮನಾವ್. ಊರಿನ ಎದುರಿರೋದು ನೋಡೋಕೆ ಚೆಂದ, ದೋಣಿಗಳು, ಸುಣ್ಣದಕಲ್ಲಿನ ಗುಡ್ಡಗಳು ಸಮುದ್ರದೊಳಗಿಂದ ಎದ್ದು ನಿಂತಿರೋದು, ಆದ್ರೆ ಅಲ್ಲಿ ಈಜೋಕೆ ಹೋಗ್ಬೇಡಿ. ನೀರಿಗಿಳಿಯೋಕೆ ಆವ್ ಮನಾವ್‌ಗೆ ಹೋಗಿ. ಅದು ಥಾಯ್ ವಾಯುಪಡೆಯ ಬೇಸ್ ಒಳಗಿದೆ, ವಿಂಗ್ 5. ಗೇಟ್‌ನಲ್ಲಿ ಹೆಸರು ಬರೆಸ್ಬೇಕು, ಆಮೇಲೆ ರನ್‌ವೇನ ಅಡ್ಡ ದಾಟ್ಕೊಂಡು ಹೋಗ್ಬೇಕು, ವಿಮಾನ ಬರೋದಿದ್ರೆ ನಿಲ್ಲಿಸ್ತಾರೆ. ಮಿಲಿಟರಿ ಜಾಗ ಆಗಿರೋದ್ರಿಂದ್ಲೇ ಅಲ್ಲಿ ದೊಡ್ಡ ರೆಸಾರ್ಟ್ ಯಾವ್ದೂ ಎದ್ದಿಲ್ಲ. ಅರ್ಧಚಂದ್ರದ ಥರ ಬಾಗಿರೋ ಬೀಚು, ತುಂಬಾ ದೂರದವರೆಗೆ ನೀರು ಸೊಂಟದಷ್ಟೇ, ಅಮ್ಮನಿಗೆ ಹೆದರಿಕೆ ಇರಲ್ಲ. ಗಾಳಿಮರದ ನೆರಳಲ್ಲಿ ಕುರ್ಚಿ ಬಾಡಿಗೆಗೆ ಕೊಡ್ತಾರೆ. ಥಾಯ್ ಜನ ಬಟ್ಟೆ ಹಾಕ್ಕೊಂಡೇ ನೀರಿಗಿಳೀತಾರೆ, ಅದ್ರಿಂದ ಅಮ್ಮ ಸೀರೇಲೋ ಚೂಡಿದಾರದಲ್ಲೋ ಇಳಿದ್ರೆ ಯಾರೂ ತಿರುಗಿ ನೋಡಲ್ಲ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಕ್ರಾಬಿ ಫೋಟೋಗಳಲ್ಲಿ ಕಾಣೋ ಆ ಪಚ್ಚೆ ನೀಲಿ ನೀರು ಇಲ್ಲಿ ಇರಲ್ಲ. ಇದು ಥಾಯ್ಲೆಂಡ್ ಕೊಲ್ಲಿ ಕಡೆ ಸಮುದ್ರ, ಆಳ ಕಮ್ಮಿ, ನೀರು ಸ್ವಲ್ಪ ಹಸಿರು ಬೂದಿ. ಬಣ್ಣವೇ ಮುಖ್ಯ ಅನ್ನೋದಾದ್ರೆ ಕ್ರಾಬಿ, ಫುಕೆಟ್ ಇರೋ ಅಂಡಮಾನ್ ಸಮುದ್ರದ ಕಡೆಗೇ ಹೋಗಿ.

ಸುಮ್ನೆ_ಸುತ್ತಾಟ
ಅಯ್ಯೋ ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಬಣ್ಣ ನಮಗೆ ಅಷ್ಟು ಮುಖ್ಯ ಅಲ್ಲ. ರೈಲು ಹೇಗೆ, ಎಲ್ಲಿಂದ ಹತ್ತೋದು? ಮತ್ತೆ ಅಮ್ಮನ ಊಟ?

ಬಾಂಗ್‌ಸೂ_ಕನ್ನಡಿಗ
ಸರ್ ಬೇಡ, ಹೆಚ್ಚುಕಮ್ಮಿ ನಿಮ್ಮ ವಯಸ್ಸೇ ಇರ್ಬೇಕು.

2023 ಜನವರಿಯಿಂದ ದಕ್ಷಿಣದ ಎಕ್ಸ್‌ಪ್ರೆಸ್‌ಗಳೆಲ್ಲ ಹಳೇ ಹುವಾ ಲಂಫೋಂಗ್ ಬಿಟ್ಟು ಕ್ರುಂಗ್ ತೇಪ್ ಅಭಿವತ್ ಅನ್ನೋ ಹೊಸ ದೊಡ್ಡ ಸ್ಟೇಷನ್‌ನಿಂದ ಹೊರಡ್ತವೆ, ಜನ ಈಗ್ಲೂ ಬಾಂಗ್ ಸೂ ಅಂತಾನೇ ಅಂತಾರೆ. ನೀಲಿ ಮೆಟ್ರೋ ಅದರ ಕೆಳಗೇ ನಿಲ್ಲುತ್ತೆ. ಡಾನ್ ಮುವಾಂಗ್ ಏರ್‌ಪೋರ್ಟಿಂದ ಬರೋದಾದ್ರೆ ರೆಡ್ ಲೈನ್ ನೇರ ಅಲ್ಲಿಗೇ ತಂದು ಬಿಡುತ್ತೆ. ಬೆಳಿಗ್ಗೆ ಹೊರಡೋ ಎಸಿ ಡೀಸೆಲ್ ಕಾರ್ ರೈಲು ತಗೊಳ್ಳಿ, ನಾಲ್ಕು ನಾಲ್ಕೂವರೆ ಗಂಟೆ ಪ್ರಯಾಣ, ಸೀಟು ಹಿಂದಕ್ಕೆ ಬಾಗುತ್ತೆ. ಥಾಯ್ ರೈಲ್ವೆಯ ಡಿ-ಟಿಕೆಟ್ ವೆಬ್‌ಸೈಟ್‌ನಲ್ಲಿ ನಮ್ಮ ಕಾರ್ಡ್ ನಡೆಯುತ್ತೆ. ಥೋನ್‌ಬುರಿಯಿಂದ ಥರ್ಡ್ ಕ್ಲಾಸ್ ಪ್ಯಾಸೆಂಜರ್ ಕೂಡ ಇದೆ, ಫ್ಯಾನು, ಗಟ್ಟಿ ಸೀಟು, ತುಂಬಾ ಅಗ್ಗ, ಕಿಟಕಿ ತೆಗೆದು ಕೂರೋ ಸುಖಾನೇ ಬೇರೆ, ಆದ್ರೆ ಮಂಡಿ ನೋವಿರೋರಿಗೆ ಬೇಡ. ಪ್ರಚುವಪ್ ಸ್ಟೇಷನ್‌ನಿಂದ ಸಮುದ್ರಕ್ಕೆ ನಡ್ಕೊಂಡೇ ಹೋಗ್ಬಹುದು, ಒಂದೇ ನೇರ ರಸ್ತೆ.

ಊಟದ ವಿಷ್ಯ ನನ್ನ ಹೆಂಡ್ತಿ ಬರೀತಾಳೆ, ಅವಳಿಗೇ ಗೊತ್ತಿರೋದು.

ಬಾಂಗ್‌ಸೂ_ಕನ್ನಡಿಗ
(ಅವರ ಹೆಂಡ್ತಿ ಬರೀತಿರೋದು) ನಮಸ್ಕಾರ. ನಿಮ್ಮ ಅಮ್ಮನ ಹಾಗೇ ನಮ್ಮ ಅತ್ತೆನೂ ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ, ಅದಕ್ಕೆ ಧೈರ್ಯವಾಗಿ ಹೇಳ್ತೀನಿ. ಥಾಯ್ಲೆಂಡಲ್ಲಿ ಜೇ ಅನ್ನೋ ಅಡುಗೆ ಪದ್ಧತಿ ಇದೆ, ಚೀನೀ ಮೂಲದ ಬೌದ್ಧರದ್ದು. ಅದರಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಇರಲ್ಲ, ಜೊತೆಗೆ ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ. ಅಂಗಡಿ ಮುಂದೆ ಹಳದಿ ಬಾವುಟದ ಮೇಲೆ ಕೆಂಪಕ್ಷರ ಇದ್ರೆ ಅದು ಜೇ ಅಂಗಡಿ, ಚಿಕ್ಕ ಊರಲ್ಲೂ ಮಾರ್ಕೆಟ್ ಹತ್ರ ಹುಡುಕಿದ್ರೆ ಒಂದಾದ್ರೂ ಸಿಗುತ್ತೆ, ಆದ್ರೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮಾತ್ರ ತೆಗೆದಿರ್ತಾರೆ, ಸಂಜೆಗೆ ಕಟ್ಟಿಸ್ಕೊಂಡು ಬಂದ್ಬಿಡಿ.

ಮಾಮೂಲಿ ಹೋಟೆಲ್‌ನಲ್ಲಿ ವೆಜ್ ಅಂತ ಹೇಳಿದ್ರೂ ಮೀನಿನ ಸಾಸ್ ಹಾಕ್ತಾರೆ, ಸೊಪ್ಪಿನ ಪಲ್ಯಕ್ಕೆ ಆಯ್ಸ್ಟರ್ ಸಾಸ್ ಹಾಕ್ತಾರೆ. ಗ್ರೀನ್ ಕರಿ ನೋಡೋಕೆ ತೆಂಗಿನಹಾಲು ತರಕಾರಿನೇ ಆದ್ರೂ ಅದರ ಮಸಾಲೆ ಪೇಸ್ಟ್‌ನಲ್ಲಿ ಸಿಗಡಿ ಅರೆದಿರ್ತಾರೆ. ಪಪ್ಪಾಯಿ ಸಲಾಡ್‌ಗೂ ಒಣ ಸಿಗಡಿ ಬೀಳುತ್ತೆ. ಹಾಗಾಗಿ ಫೋನಲ್ಲಿ ಥಾಯ್ ಲಿಪಿಯಲ್ಲಿ ಒಂದು ಚೀಟಿ ಮಾಡಿಟ್ಕೊಳ್ಳಿ, ಜೇ ಊಟ, ಮೀನಿನ ಸಾಸ್ ಬೇಡ, ಸಿಗಡಿ ಪೇಸ್ಟ್ ಬೇಡ, ಆಯ್ಸ್ಟರ್ ಸಾಸ್ ಬೇಡ ಅಂತ. ತೋರಿಸಿದ್ರೆ ತುಂಬಾ ಮುತುವರ್ಜಿಯಿಂದ ಮಾಡಿಕೊಡ್ತಾರೆ, ಬೇಜಾರು ಮಾಡ್ಕೊಳ್ಳಲ್ಲ.

ಹಣ್ಣಿನ ಬಗ್ಗೆ ಯೋಚ್ನೆನೇ ಬೇಡ. ಥಾಯ್ಲೆಂಡಲ್ಲಿ ಅನಾನಸ್‌ಗೆ ಈ ಪ್ರಾಂತ್ಯವೇ ಹೆಸರುವಾಸಿ, ರಸ್ತೆ ಬದೀಲಿ ಕತ್ತರಿಸಿ ಉಪ್ಪು ಮೆಣಸಿನಪುಡಿ ಜೊತೆ ಕೊಡ್ತಾರೆ. ಎಳನೀರು, ಬಾಳೆಕಾಯಿ ಬೋಂಡಾ, ಮಾವಿನಹಣ್ಣು ಹಾಕಿರೋ ಅಂಟಕ್ಕಿ ಅನ್ನ. ಅತ್ತೆಯಂತೂ ಒಂದು ಪುಟ್ಟ ಕೆಟಲ್, ಅವಲಕ್ಕಿ, ಚಟ್ನಿಪುಡಿ, ಹುಳಿಯನ್ನದ ಗೊಜ್ಜು ತಗೊಂಡೇ ಬರ್ತಾರೆ. ಸೆವೆನ್ ಇಲೆವೆನ್‌ನಲ್ಲಿ ಬಿಳಿ ಅನ್ನ ಬಿಸಿ ಮಾಡಿ ಕೊಡ್ತಾರೆ, ಗೊಜ್ಜು ಕಲಸಿದ್ರೆ ರಾತ್ರಿ ಊಟ ಮುಗೀತು.

ಕುಂದಾಪ್ರ_ಕಡ್ಲು
ಅಲ್ಲ ಮಾರಾಯ್ರೆ, ಓದ್ಲಿಕ್ಕೆ ಭಾರೀ ಚೆಂದ ಉಂಟು, ಆದ್ರೆ ಒಂದು ಪ್ರಶ್ನೆ. ನಾವು ಸಮುದ್ರದ ಬದಿಯವರು, ಚೆಂದದ ಬೀಚು ಕಂಡ ಕೂಡ್ಲೇ ಏನಾಗ್ತದೆ ಅಂತ ಗೊತ್ತುಂಟು. ಬ್ಯಾಂಕಾಕಿಂದ ನಾಲ್ಕು ಗಂಟೆ ದಾರಿ ಅಷ್ಟೇ, ಇಷ್ಟು ವರ್ಷ ಅದು ಹೀಗೇ ಉಳ್ದದ್ದು ಹೇಗೆ?

ಬಾಂಗ್‌ಸೂ_ಕನ್ನಡಿಗ
ಒಳ್ಳೆ ಪ್ರಶ್ನೆ ಕೇಳಿದ್ರಿ. ಒಂದು ಕಾರಣ ದೂರ. ವಾರಾಂತ್ಯಕ್ಕೆ ಕಾರಲ್ಲಿ ಹೊರಡೋರು ಹುವಾ ಹಿನ್‌ನಲ್ಲೇ ನಿಂತುಬಿಡ್ತಾರೆ, ಅಲ್ಲಿ ಅರಮನೆ ಇದೆ, ನೂರು ವರ್ಷದಿಂದ ಅದು ದೊಡ್ಡೋರ ಬೇಸಿಗೆ ಊರು. ವಿದೇಶದೋರು ವಿಮಾನದಲ್ಲಿ ಸೀದಾ ಫುಕೆಟ್, ಸಮುಯಿಗೆ ಹಾರ್ತಾರೆ. ಮಧ್ಯದಲ್ಲಿ ಸಿಗೋ ಪ್ರಚುವಪ್, ತಪ್ ಸಕೆ, ಬಾನ್ ಕ್ರೂಟ್, ಬಾಂಗ್ ಸಫಾನ್ ಯಾರ ಕಣ್ಣಿಗೂ ಬೀಳಲ್ಲ.

ಆದ್ರೆ ಇನ್ನೊಂದು ಕಾರಣ ಇದೆ, ಅದನ್ನ ಇಲ್ಲಿಗೆ ಹೋಗೋರೆಲ್ಲ ತಿಳ್ಕೊಂಡಿರ್ಬೇಕು ಅಂತ ನನ್ನ ಆಸೆ. 1990ರ ದಶಕದಲ್ಲಿ ಇದೇ ಕರಾವಳಿಲಿ ಎರಡು ದೊಡ್ಡ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟೋಕೆ ಹೊರಟಿದ್ರು, ಒಂದು ಊರಿಂದ ಉತ್ತರಕ್ಕೆ ಬೋ ನೋಕ್‌ನಲ್ಲಿ, ಇನ್ನೊಂದು ದಕ್ಷಿಣಕ್ಕೆ ಬಾನ್ ಕ್ರೂಟ್ ಹತ್ರ. ಅನಾನಸ್ ಬೆಳೆಯೋರು, ತೆಂಗಿನ ತೋಟದೋರು, ಮೀನುಗಾರರು ಎದ್ದು ನಿಂತ್ರು. 1998ರಲ್ಲಿ ಫೆಟ್‌ಕಸೆಮ್ ಹೆದ್ದಾರಿನೇ ಬಂದ್ ಮಾಡಿದ್ರು, ದಕ್ಷಿಣಕ್ಕೆ ಹೋಗೋ ಮುಖ್ಯ ರಸ್ತೆ ಅದು. ವರ್ಷಗಟ್ಟಲೆ ಹೋರಾಡಿ ಎರಡೂ ಯೋಜನೆನ ಅಲ್ಲಿಂದ ಎಬ್ಬಿಸಿದ್ರು. ಬೋ ನೋಕ್ ಹೋರಾಟದ ಮುಂದಾಳು ಚರೋನ್ ವತ್-ಅಕ್ಸೋನ್ ಅಂತ. ಸ್ಥಾವರ ಹೋದ್ಮೇಲೂ ಅಲ್ಲಿನ ಸಾರ್ವಜನಿಕ ಜಮೀನಿನ ಒತ್ತುವರಿ ವಿರುದ್ಧ ಬ್ಯಾಂಕಾಕ್‌ಗೆ ಬಂದು ಹೇಳಿಕೆ ಕೊಟ್ಟು, ವಾಪಸ್ ಊರಲ್ಲಿ ಬಸ್ ಇಳೀತಿದ್ದ ಹಾಗೆ ಅವರನ್ನ ಗುಂಡು ಹೊಡೆದು ಕೊಂದ್ರು, 2004 ಜೂನ್ 21. ಬಾನ್ ಕ್ರೂಟ್‌ನಲ್ಲಿ ಕಿಲೋಮೀಟರ್‌ಗಟ್ಟಲೆ ತೆಂಗಿನ ಸಾಲು, ಖಾಲಿ ಮರಳು ನೋಡೋವಾಗೆಲ್ಲ ನನಗೆ ಇದು ನೆನಪಿಗೆ ಬರುತ್ತೆ. ಪ್ರಕೃತಿ ತಾನಾಗೇ ಉಳೀಲಿಲ್ಲ ಅಲ್ಲಿ, ಜನ ಉಳಿಸಿದ್ದು.

ಕುಂದಾಪ್ರ_ಕಡ್ಲು
ಇದು ನನಗೆ ಗೊತ್ತೇ ಇರ್ಲಿಲ್ಲ. ಹೇಳಿದ್ದು ಒಳ್ಳೇದಾಯ್ತು. ಹೋದವರು ಅಲ್ಲಿನವರ ಮನೆ ಹೋಂಸ್ಟೇಯಲ್ಲೇ ಉಳೀಲಿ, ಅಲ್ಲಿನವರ ಹತ್ರವೇ ಹಣ್ಣು ತರಕಾರಿ ತಗೊಳ್ಳಲಿ, ಅಷ್ಟಾದ್ರೂ ಆಗ್ಬೇಕು.

ಮತ್ತೆ ಒಂದು ವಿಷಯ, ನಮ್ಮ ಕಡೆಯವರಿಗೆ ಅಲ್ಲಿ ಬೆಳಿಗ್ಗೆ ಏಳ್ಲಿಕ್ಕೇ ಬೇಕು. ಅದು ಪೂರ್ವಕ್ಕೆ ಮುಖ ಮಾಡಿದ ಸಮುದ್ರ ಅಲ್ವಾ, ಸೂರ್ಯ ನೀರಿಂದ ಮೇಲೆ ಬರೋದು. ನಮ್ಮಲ್ಲಿ ಮುಳುಗೋದು ನೋಡಿಯೇ ಅಭ್ಯಾಸ.

ಕೃಷ್ಣಾತೀರ
ಎಲ್ಲಾರಿಗೂ ನಮಸ್ಕಾರ್ರಿ. ಪ್ರಚುವಪ್ ಅಂತ ಹೆಸರ ಕೇಳಿದ ಕೂಡ್ಲೆ ಬರೀಬೇಕ ಅನ್ನಿಸ್ತು. ಊರಿಂದ ಹತ್ತ ಹನ್ನೆರಡ ಕಿಲೋಮೀಟರ ದಕ್ಷಿಣಕ್ಕ ವಾ ಕೊ ಅಂತ ಐತಿ, ಅಲ್ಲಿ ಹೋಗದ ಬರಬ್ಯಾಡ್ರಿ. 1868ರ ಆಗಸ್ಟ್ 18ಕ್ಕ ಆದ ಖಗ್ರಾಸ ಸೂರ್ಯಗ್ರಹಣದ ಲೆಕ್ಕಾ ಸಯಾಮದ, ಅಂದ್ರ ಈಗಿನ ಥಾಯ್ಲೆಂಡಿನ, ರಾಜಾ ಮೊಂಗ್‌ಕುಟ್ ತಾನ ಹಾಕಿದ್ದ, ಯಾವ ಜಾಗಾದಾಗ ಪೂರ್ತಿ ಕಾಣತದ ಅಂತನೂ ಹೇಳಿದ್ದ. ಕಾಡ ಕಡಿಸಿ ಅಲ್ಲೇ ಡೇರೆ ಹಾಕ್ಸಿ, ಫ್ರೆಂಚ್ ವಿಜ್ಞಾನಿಗಳನ್ನ, ಸಿಂಗಾಪುರದಿಂದ ಬ್ರಿಟಿಷ್ ಗವರ್ನರ್ ಹ್ಯಾರಿ ಆರ್ಡ್‌ನ್ನ ಕರಿಸಿದ್ದ. ಲೆಕ್ಕಾ ಬರೋಬ್ಬರಿ ಆತು. ಆದ್ರ ಆ ಜಾಗಾದಾಗ ಮಲೇರಿಯಾ ಹತ್ತಿ ಅಕ್ಟೋಬರ್ 1ಕ್ಕ ರಾಜಾ ತೀರಿಕೊಂಡ. ಮಗಾ ಚುಲಾಲಾಂಗ್‌ಕಾರ್ನ್‌ಗೂ ಜ್ವರಾ ಬಂದಿತ್ತು, ಅಂವಾ ಉಳದು ಮುಂದ ರಾಜಾ ಆದ. ಆ ಗ್ರಹಣದ ದಿನಾನ ಅವರು ಈಗ ರಾಷ್ಟ್ರೀಯ ವಿಜ್ಞಾನ ದಿನಾ ಅಂತ ಆಚರಿಸ್ತಾರ, ವಾ ಕೊದಾಗ ವಿಜ್ಞಾನ ಪಾರ್ಕ್, ಅಕ್ವೇರಿಯಂ ಮಾಡ್ಯಾರ.

ನನಗ ಯಾಕ ಇಷ್ಟ ಹತ್ತಿರ ಅನ್ನಸ್ತದ ಅಂದ್ರ, ಅವತ್ತಿನ ಗ್ರಹಣ ನಮ್ಮ ಜಮಖಂಡಿಯಾಗೂ ಖಗ್ರಾಸ ಇತ್ತು. ಲಂಡನ್ನಿನ ರಾಯಲ್ ಸೊಸೈಟಿ ಕಡಿಂದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬಂದು ಜಮಖಂಡಿಯಾಗ ದುರ್ಬೀನ ಹೂಡಿದ್ದ, ಯುರೇನಸ್ ಕಂಡಹಿಡದ ವಿಲಿಯಂ ಹರ್ಷೆಲ್‌ನ ಮೊಮ್ಮಗಾ ಅಂವಾ. ಮ್ವಾಡದ ನಡುವ ಸೂರ್ಯನ ಅಂಚಿನ ಜ್ವಾಲೆಯ ರೋಹಿತ ರೇಖೆ, ಅಂದ್ರ ಬೆಳಕ ಬಣ್ಣಬಣ್ಣ ಆಗಿ ಒಡದಾಗ ಕಾಣೋ ಗೆರೆ, ನೋಡಿದ. ಅದ ನೆರಳ ಗುಂಟೂರಿಗೆ ಹೋತು, ಅಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದ. ಅವತ್ತು ಕಂಡ ರೇಖೆಗಳ ಬೆನ್ನ ಹತ್ತೇ ಮುಂದ ಹೀಲಿಯಂ ಗೊತ್ತಾತು. ಆಮ್ಯಾಲೆ ಬಂಗಾಳ ಕೊಲ್ಲಿ ದಾಟಿ ಆ ನೆರಳ ವಾ ಕೊಕ್ಕ ಹೋತು. ಜಮಖಂಡಿಯವ ಆಗಿ ಅಲ್ಲಿ ಹೋಗಿ ನಿಂತಾಗ ಮೈ ಝುಮ್ ಅಂತು ನೋಡ್ರಿ.

ಬಾಂಗ್‌ಸೂ_ಕನ್ನಡಿಗ
ಜಮಖಂಡಿ ವಿಷ್ಯ ಈಗ್ಲೇ ಗೊತ್ತಾಗಿದ್ದು, ಕೈ ಮುಗೀತೀನಿ. ಮುಂದಿನ ಸಲ ಮಗಳನ್ನ ಅಲ್ಲಿ ನಿಲ್ಲಿಸಿ ಹೇಳ್ತೀನಿ.

ಇತಿಹಾಸ ಅಂತ ಬಂದ್ಮೇಲೆ ಆವ್ ಮನಾವ್‌ದೂ ಹೇಳ್ಬೇಕು. 1941 ಡಿಸೆಂಬರ್ 8ರ ಬೆಳಗಿನ ಜಾವ ಜಪಾನಿ ಸೈನ್ಯ ಇಳಿದ ಜಾಗಗಳಲ್ಲಿ ಅದೂ ಒಂದು. ಚಿಕ್ಕ ವಾಯುಪಡೆ ತುಕಡಿ, ಸರ್ಕಾರದಿಂದ ಕದನವಿರಾಮದ ಆದೇಶ ಕೈಗೆ ಬರೋವರೆಗೂ, ಮರುದಿನ ಮಧ್ಯಾಹ್ನದವರೆಗೆ ಕಾದಾಡಿದ್ರು. ಬೇಸ್ ಒಳಗೆ ಸ್ಮಾರಕ, ಮ್ಯೂಸಿಯಂ ಇದೆ.

ಹಕ್ಕಿ_ನೋಟ
ಆವ್ ಮನಾವ್‌ನ ಕೊನೇಲಿ ಖಾವ್ ಲೋಮ್ ಮುವಾಕ್ ಅಂತ ಗುಡ್ಡ ಇದೆ, ಅದರ ಬುಡದಲ್ಲಿ ಡಸ್ಕಿ ಲಂಗೂರ್‌ಗಳನ್ನ ತಪ್ಪದೆ ನೋಡಿ. ಬೂದು ಮೈ, ಕಣ್ಣಿನ ಸುತ್ತ ಕನ್ನಡಕ ಹಾಕಿದಂಗೆ ಬಿಳಿ ಉಂಗುರ, ಮರಿಗಳು ಹೊಳೆಯೋ ಕಿತ್ತಳೆ ಬಣ್ಣ. ತುಂಬಾ ಸಾಧು, ಆದ್ರೂ ತಿಂಡಿ ಕೊಡ್ಬೇಡಿ, ಎಲೆ ತಿನ್ನೋ ಪ್ರಾಣಿ, ಬಿಸ್ಕೆಟ್ ಬಾಳೆಹಣ್ಣು ಅದರ ಹೊಟ್ಟೆಗೆ ಆಗಲ್ಲ. ಊರೊಳಗೆ ಖಾವ್ ಚೋಂಗ್ ಕ್ರಚೋಕ್ ಗುಡ್ಡದ ಮೇಲಿನ ಕೋತಿಗಳು ಬೇರೆ ಜಾತಿ, ಅವು ಕೈಯಲ್ಲಿರೋ ಕವರ್ ಕಿತ್ಕೊಳ್ತವೆ. ಆ ಗುಡ್ಡಕ್ಕೆ ನಾಲ್ಕುನೂರರ ಹತ್ತತ್ತಿರ ಮೆಟ್ಲು, ಮೇಲಿಂದ ಮೂರೂ ಕೊಲ್ಲಿ ಒಟ್ಟಿಗೆ ಕಾಣುತ್ತೆ, ನೀವಿಬ್ರು ಬೆಳಿಗ್ಗೆ ಬೇಗ ಹತ್ತಿ ಬನ್ನಿ, ಅಮ್ಮ ಕೆಳಗೆ ದೇವಸ್ಥಾನದ ಹತ್ರ ಕೂತಿರ್ಲಿ.

ಒಂದು ದಿನ ಕೈಯಲ್ಲಿದ್ರೆ ಕುಯಿ ಬುರಿ ನ್ಯಾಷನಲ್ ಪಾರ್ಕ್. ಮಧ್ಯಾಹ್ನದ ಮೇಲೆ ಪಾರ್ಕ್‌ನೋರೇ ಪಿಕಪ್ ಗಾಡೀಲಿ ಗೈಡ್ ಜೊತೆ ಕರ್ಕೊಂಡು ಹೋಗ್ತಾರೆ, ಕಾಡಾನೆ, ಕಾಟಿ ಎರಡೂ ಕಾಣೋ ಸಾಧ್ಯತೆ ಚೆನ್ನಾಗಿದೆ. ಖಾವ್ ಸಾಮ್ ರೋಯ್ ಯೋಟ್ ಪಾರ್ಕ್‌ನಲ್ಲಿ ಫ್ರಯಾ ನಖೋನ್ ಗುಹೆ ಇದೆ, ಚಾವಣಿ ಕುಸಿದಿರೋ ಗುಹೆ, ಒಳಗೆ 1890ರಲ್ಲಿ ಚುಲಾಲಾಂಗ್‌ಕಾರ್ನ್ ಬಂದಾಗ ನಿಲ್ಲಿಸಿದ ಪುಟ್ಟ ಮಂಟಪ, ಬೆಳಿಗ್ಗೆ ಹತ್ತೂವರೆ ಹನ್ನೊಂದರ ಹೊತ್ತಿಗೆ ಬಿಸಿಲುಕೋಲು ಸರಿಯಾಗಿ ಅದರ ಮೇಲೆ ಬೀಳುತ್ತೆ. ಆದ್ರೆ ದೋಣೀಲಿ ಇಳಿದ್ಮೇಲೂ ಕಡಿದಾದ ಕಲ್ಲು ಹಾದಿ, ಅಮ್ಮನಿಗೆ ಖಂಡಿತ ಬೇಡ.

ದಾರಿಹೋಕ_ಮೈಸೂರು
ನಾನು ಹುವಾ ಹಿನ್ ಅಂದಿದ್ದೆ, ಇದನ್ನೆಲ್ಲ ಓದಿದ್ಮೇಲೆ ನನಗೇ ಹೋಗ್ಬೇಕು ಅನ್ನಿಸ್ತಿದೆ. ಆದ್ರೂ ಆಸ್ಪತ್ರೆ, ಓಡಾಟ ಎಲ್ಲ ಹೇಗೆ ಅಂತ ಕೇಳೋದು ನನ್ನ ಕರ್ತವ್ಯ.

ಬಾಂಗ್‌ಸೂ_ಕನ್ನಡಿಗ
ಕೇಳ್ಬೇಕಾದ್ದೇ. ಜಿಲ್ಲಾ ಆಸ್ಪತ್ರೆ ಊರಲ್ಲೇ ಇದೆ, ಟ್ರಾವೆಲ್ ಇನ್ಶೂರೆನ್ಸ್ ಮಾತ್ರ ಬಿಡ್ಬೇಡಿ. ಓಡಾಟಕ್ಕೆ ಸೈಡ್‌ಕಾರ್ ಇರೋ ಮೋಟಾರ್‌ಬೈಕು ಸಿಗುತ್ತೆ, ಅಮ್ಮ ಆರಾಮಾಗಿ ಕೂರ್ಬಹುದು. ನೀವೇ ಸ್ಕೂಟರ್ ಬಾಡಿಗೆ ತಗೊಳ್ಳೋದಾದ್ರೆ ಟೂ ವೀಲರ್ ಸೇರಿಸಿರೋ ಇಂಟರ್‌ನ್ಯಾಷನಲ್ ಪರ್ಮಿಟ್ ಆರ್‌ಟಿಓದಲ್ಲಿ ಮಾಡಿಸ್ಕೊಂಡು ಬನ್ನಿ, ಅದಿಲ್ದೆ ಬಿದ್ರೆ ಇನ್ಶೂರೆನ್ಸ್ ಕೈ ಬಿಡುತ್ತೆ. ಅಲ್ಲೂ ಎಡಗಡೆಯೇ ಗಾಡಿ ಓಡ್ಸೋದು. ಸೈಕಲ್ ಇನ್ನೂ ಒಳ್ಳೇದು, ಖ್ಲೋಂಗ್ ವಾನ್ ಮೀನುಗಾರರ ಹಳ್ಳಿವರೆಗೂ ರಸ್ತೆ ಚಪ್ಪಟೆ.

ಕ್ಯಾಶ್ ಬ್ಯಾಂಕಾಕ್‌ನಲ್ಲೇ ಬದಲಾಯಿಸ್ಕೊಂಡು ಹೋಗಿ, ಎಟಿಎಂ ವಿದೇಶಿ ಕಾರ್ಡ್‌ಗೆ ಪ್ರತಿ ಸಲ ಇನ್ನೂರು ಬಾಟ್ ಮೇಲೆ ಚಾರ್ಜ್ ಮಾಡುತ್ತೆ. ವೀಸಾ ನಿಯಮ ಆಗಾಗ ಬದಲಾಗುತ್ತೆ, ಹೊರಡೋ ಮುಂಚೆ ಎಂಬೆಸಿ ಸೈಟ್ ನೋಡಿ. 2025 ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ, ಬರೋದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ತುಂಬ್ಬೇಕು, ಅದು ಉಚಿತ, ದುಡ್ಡು ಕೇಳೋ ಸೈಟ್ ಕಂಡ್ರೆ ಮುಚ್ಚಿಬಿಡಿ.

ಫೆಬ್ರವರಿ ಮಾರ್ಚ್ ಒಳ್ಳೆ ಕಾಲ. ಅಕ್ಟೋಬರ್ ನವೆಂಬರ್‌ನಲ್ಲಿ ಅಲ್ಲಿ ಜೋರು ಮಳೆ, ಡಿಸೆಂಬರ್ ಜನವರೀಲಿ ಗಾಳಿ, ಅಲೆ ಜಾಸ್ತಿ. ಅಂಬಲಿಮೀನು, ಅದೇ ಜೆಲ್ಲಿಫಿಶ್, ಬಗ್ಗೆ ನೀರಿಗಿಳಿಯೋ ಮುಂಚೆ ಅಲ್ಲಿಯೋರನ್ನ ಕೇಳಿ, ಕುಟುಕಿದ್ರೆ ಉಜ್ಜಬಾರ್ದು, ವಿನೆಗರ್ ಸುರೀಬೇಕು. ಇನ್ನೊಂದು, ಮಾಘ ಹುಣ್ಣಿಮೆ ಅವರಿಗೂ ದೊಡ್ಡ ಹಬ್ಬ, ಮಾಘ ಪೂಜಾ, ಸರ್ಕಾರಿ ರಜೆ. ನಿಮ್ಮ ದಿನಗಳು ಅದರ ಹತ್ರ ಬಂದ್ರೆ ರೈಲು, ರೂಮು ಎರಡೂ ಬೇಗ ತುಂಬುತ್ತೆ.

ಸುಮ್ನೆ_ಸುತ್ತಾಟ
ಕ್ಯಾಲೆಂಡರ್ ನೋಡಿದೆ, ಹುಣ್ಣಿಮೆ ಹತ್ರನೇ ಬರುತ್ತೆ, ಅದಕ್ಕೆ ಹೋಗೋದನ್ನ ವಾರದ ಮಧ್ಯಕ್ಕೆ ಹಾಕ್ಕೊಂಡ್ವಿ. ಶುಕ್ರವಾರ ಸಂಜೆ ದಂಡೆ ಮೇಲೆ ವಾಕಿಂಗ್ ಸ್ಟ್ರೀಟ್ ಮಾರ್ಕೆಟ್ ಇರುತ್ತೆ ಅಂತ ಓದಿದೆ, ಅದನ್ನ ನೋಡ್ಕೊಂಡು ಶನಿವಾರ ವಾಪಸ್. ಬಾನ್ ಕ್ರೂಟ್ ಕೂಡ ಸೇರಿಸ್ಬೇಕಾ? ಅಮ್ಮನಿಗೆ ಆ ಗ್ರಹಣದ ಕಥೆ ಓದಿ ಹೇಳಿದೆ, ವಾ ಕೊಗೆ ಹೋಗ್ಲೇಬೇಕು ಅಂತ ಹಠ ಹಿಡಿದಿದಾರೆ.

ಬಾಂಗ್‌ಸೂ_ಕನ್ನಡಿಗ
ಇಷ್ಟು ಕಮ್ಮಿ ದಿನಕ್ಕೆ ಎರಡು ಊರು ಬೇಡ. ಬಾನ್ ಕ್ರೂಟ್‌ನಲ್ಲಿ ಸ್ಟೇಷನ್‌ನಿಂದ ಬೀಚು ದೂರ, ಗಾಡಿ ಸಿಗೋದು ಕಷ್ಟ. ಪ್ರಚುವಪ್‌ನಲ್ಲೇ ಇರಿ, ಒಂದು ಬೆಳಿಗ್ಗೆ ವಾ ಕೊ, ಮಿಕ್ಕಿದ್ದೆಲ್ಲ ಆವ್ ಮನಾವ್.

ಸುಮ್ನೆ_ಸುತ್ತಾಟ
ಸರಿ ಹಾಗೇ ಮಾಡ್ತೀವಿ. ಕೊನೇ ಪ್ರಶ್ನೆ, ರೈಲಲ್ಲಿ ಯಾವ ಕಡೆ ಕಿಟಕಿ ತಗೊಳ್ಳೋದು, ಸಮುದ್ರದ ಕಡೆನಾ?

ಬಾಂಗ್‌ಸೂ_ಕನ್ನಡಿಗ
ರೈಲಿಂದ ಸಮುದ್ರ ಅಷ್ಟಾಗಿ ಕಾಣಲ್ಲ. ಬೆಳಗಿನ ರೈಲಲ್ಲಿ ಎಡಗಡೆ ಪೂರ್ತಿ ಬಿಸಿಲು ಹೊಡೆಯುತ್ತೆ, ಬಲಗಡೆ ಬುಕ್ ಮಾಡಿ. ಹುವಾ ಹಿನ್ ದಾಟಿದ್ಮೇಲೆ ಆ ಕಡೆ ಅನಾನಸ್ ಹೊಲ, ಅದರ ಹಿಂದೆ ಮ್ಯಾನ್ಮಾರ್ ಗಡಿಯ ಬೆಟ್ಟಗಳು. ಪ್ರಚುವಪ್ ಹತ್ರ ಥಾಯ್ಲೆಂಡ್ ಎಷ್ಟು ಕಿರಿದು ಅಂದ್ರೆ ಸಮುದ್ರದಿಂದ ಗಡಿಗೆ ಹನ್ನೆರಡು ಕಿಲೋಮೀಟರೂ ಇಲ್ಲ.

ಸುಮ್ನೆ_ಸುತ್ತಾಟ
ಬಲಗಡೆ ಮೂರು ಸೀಟು ಬುಕ್ ಆಯ್ತು, ಒಂದರ ಹಿಂದೆ ಒಂದು ಸಿಕ್ಕಿದೆ. ಹೋಗಿ ಬಂದು ಜೇ ಅಂಗಡಿ ಎಲ್ಲೆಲ್ಲಿದೆ ಅಂತ ಇಲ್ಲೇ ಹಾಕ್ತೀನಿ.